ಬೆಳ್ಳಗಾದ ಬಾಟಲಿ

ಖಾಸಬಾಗದ ಶುಭದಾ ಮೇಡಂ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ನೀರಿನ ಪರೀಕ್ಷೆ ಕಲಿಸುತ್ತಿದ್ದರು. ಬಾಟಲಿಗೆ ಎರಡು ದ್ರಾವಣ ಹಾಕಬೇಕು. ನೀರಿನಲ್ಲಿ ಆಮ್ಲಜನಕವಿದ್ದರೆ ಕಂದು, ಇಲ್ಲದಿದ್ದರೆ ಬಿಳಿ. ನಲ್ಲಿಯದಾಗಲಿ ಬಾವಿಯದಾಗಲಿ, ಯಾವ ನೀರು ತಂದರೂ ಹಾಳಾದದ್ದು ಕಂದೇ! ಬಿಳಿಯನ್ನು ಅವರು ಪುಸ್ತಕದಲ್ಲಷ್ಟೇ ಕಂಡಿದ್ದರು.

ಒಂದು ದಿನ ಖಾನಾಪುರದ ಮಾರ್ತಾಂಡನ ಮೀನಿನ ಕೆರೆಯ ನೀರು ಪರೀಕ್ಷಿಸಲು ಹೋದರು. ಎಲ್ಲಿಂದಲೋ ಬಂದ ಪರದೇಶಿ ಚಿಪ್ಪುಜೀವಿಗಳು ಪಾಚಿಯನ್ನೆಲ್ಲ ಸೋಸಿ ತಿಂದು ಹಸಿರು ನೀರನ್ನು ಗಾಜಿನಂತೆ ತಿಳಿಯಾಗಿಸಿದ್ದವು. ಹಿಗ್ಗಿದ ಮಾರ್ತಾಂಡ ಕುಂದಾ ಮಿಠಾಯಿಯ ಡಬ್ಬಿ ಹಿಡಿದೇ ನಿಂತಿದ್ದ.

ಶುಭದಾ ತಳದ ನೀರೆತ್ತಿ ದ್ರಾವಣ ಹಾಕಿದರು. ಬಾಟಲಿ ಹಾಲಿನಂತೆ ಬೆಳ್ಳಗಾಯಿತು.

"ಬಿಳಿ! ಖರೇನ ಬಿಳಿ!" ಐವತ್ತೆರಡರ ಶುಭದಾ ದಂಡೆಯ ಮೇಲೆ ಕುಣಿದೇಬಿಟ್ಟರು.

"ಪಾಸಾತಲ್ರೀ ಮೇಡಂ!" ಮಾರ್ತಾಂಡನೂ ಕುಣಿದು ಅವರ ಕೈಗೆ ಕುಂದಾ ಇಟ್ಟ.

ಕುಂದಾ ಗಂಟಲಿಳಿದ ಮೇಲೆ ಶುಭದಾಗೆ ಎಚ್ಚರವಾಯಿತು. "ಪಾಸಲ್ರೀ, ನಪಾಸು! ತಳದಾಗ ಗಾಳಿನ ಇಲ್ಲ. ಚಿಪ್ಪಿನವು ಉಸಿರಾಡಿ ಅರ್ಧಾ ಮುಗಿಸ್ಯಾವು, ಅವುಗಳ ಹೊಲಸು ಕೊಳತು ಉಳಿದದ್ದು ಮುಗಿಸೇತಿ. ಅದ ಹೊಲಸು ಗೊಬ್ಬರಾಗಿ ನಾಳೆ ಮತ್ತ ಪಾಚಿ ಹುಟ್ಟಸತೈತಿ."

"ಅಯ್ಯ! ಕೆರಿ ತೊಳದು ಕೊಟ್ಟಾವಂತ ಪ್ರತಿ ಸೋಮವಾರ ಚಿಪ್ಪಿಗೆ ಕುಂದಾದ ಎಡಿ ಹಿಡದು ನೀರಾಗ ಬಿಡತೇನಲ್ರೀ! ಮೀನೂ ಮ್ಯಾಲ ಬಂದು ಬಾಯಿ ತಗೀತಾವು. ಅವಕ್ಕೂ ಕುಂದಾ ಬೇಕಾಗೇತಿ ಅಂತ ತಿಳದಿದ್ದೆ."

ಶುಭದಾ ನಗು ತಡೆಯಲಾರದೆ ಅಲ್ಲೇ ಕುಸಿದು ಕುಳಿತರು.

"ಅವಕ್ಕ ಗಾಳಿ ಬೇಕಾಗೇತ್ರೀ! ಡಬ್ಬಿ ಇಲ್ಲಿ ಕೊಡ್ರಿ, ನೀವು ಓಡಿಹೋಗಿ ಪಂಪ್ ಚಾಲೂ ಮಾಡ್ರಿ."