ಡ್ರೈವರಮ್ಮನ ಭುಜ

ಕನ್ನಡಕದಂಗಡಿಯವನು ಜನ್ಮದಲ್ಲಿ ಬೇಸ್‌ಬಾಲ್ ಬ್ಯಾಟು ಮುಟ್ಟಿದವನಲ್ಲ. ಆದರೂ ಬೀದಿಯವರ ಬಾಯಲ್ಲಿ ಅವನು ಕೋಚ್. ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ಉಜ್ಜುವ ಯಂತ್ರದ ಪಕ್ಕ, ಭಾವ ಕೊಟ್ಟ ಹಳೇ ಕಂಪ್ಯೂಟರ್ ಇತ್ತು. ಅದರ ಜೊತೆಗೇ ಬಂದದ್ದು ಬೇಸ್‌ಬಾಲ್ ತಂಡ ನಡೆಸುವ ಆ ಆಟ. ಓಡುವ ಹೊಡೆಯುವ ಚಿತ್ರಗಳಿಲ್ಲ, ಪರದೆ ತುಂಬ ಬರೀ ಹೆಸರು, ಅಂಕಿ. ಇವತ್ತು ಚೆಂಡು ಎಸೆಯುವವರು ಯಾರು, ಮೊದಲು ಬ್ಯಾಟ್ ಹಿಡಿಯುವವರು ಯಾರು, ಯಾರು ಹೊರಗೆ ಕೂರಬೇಕು ಎಂದು ಹೇಳಿದರೆ ಸಾಕು. ಪಂದ್ಯವನ್ನು ಕಂಪ್ಯೂಟರೇ ಆಡಿ, ನಡೆದದ್ದನ್ನು ಸಾಲುಸಾಲಾಗಿ ಬರೆದು ತೋರಿಸುತ್ತದೆ.

ಆಟಗಾರರಿಗೆಲ್ಲ ಕೋಚ್ ಮನೆಯವರ ಹೆಸರಿಟ್ಟಿದ್ದ. ಭಾವನ ಹೆಸರಿನವನು ಆಟದಲ್ಲಿ ಕೈಲಾಗದವನೆಂದು ಕಂಡಾಗ ಅವನನ್ನು ಬೇರೆ ತಂಡಕ್ಕೆ ಸಾಗಹಾಕಿ, ಮನೆಯಲ್ಲಿ ತುಟಿಪಿಟಿಕ್ಕೆನ್ನದೆ ಇದ್ದ. ತಂಡದ ಆಧಾರವೆಂದರೆ ಚೆಂಡು ಎಸೆಯುವ 'ಡ್ರೈವರಮ್ಮ'. ಅದು ಅವನ ಹೆಂಡತಿ. ಬೇರೆ ಬಸ್ಸುಗಳು ತಿರುಗಲು ತಿಣುಕುವ ಮಾರುಕಟ್ಟೆ ರಸ್ತೆಯಲ್ಲಿ ಬಸ್ಸು ಓಡಿಸುವವಳು.

ಅವಳ ಬಲಭುಜದ ಹಿಂದೆ ಒಂದು ಗಂಟು ಎದ್ದಿತ್ತು. ಡಾಕ್ಟರು ಚೂರು ತೆಗೆದು ಪರೀಕ್ಷೆಗೆ ಕಳಿಸಿ, "ಫೋನ್ ಮಾಡ್ತೀವಿ, ಅಲ್ಲೀವರೆಗೆ ಬಸ್ಸು ಬೇಡ" ಎಂದರು. ಅವತ್ತಿನಿಂದ ಕೋಚ್‌ಗೆ ಫೋನೆಂದರೆ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತೆ. ಗಿರಾಕಿಯೊಬ್ಬರು ಹೊಸ ಕನ್ನಡಕ ಹಿಡಿದುಕೊಂಡು ವಾಪಸು ಬಂದರು. "ಕೋಚ್, ಇದನ್ನ ಹಾಕ್ಕೊಂಡ್ರೆ ಒಂದೊಂದು ಮೆಟ್ಟಿಲೂ ಎರಡೆರಡಾಗಿ ಕಾಣುತ್ತಲ್ಲ." ನೋಡಿದರೆ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿದ್ದ.

ಮನಸ್ಸು ತಹಬಂದಿಗೆ ಬರಲೆಂದು ಆಟಕ್ಕೆ ಕೂತ. ಪಂದ್ಯದ ನಡುವೆ ಪರದೆಯ ಮೇಲೆ ಒಂದು ಸಾಲು ಬಿತ್ತು: ಡ್ರೈವರಮ್ಮನ ಭುಜಕ್ಕೆ ಪೆಟ್ಟು, ಈ ವರ್ಷ ಇನ್ನು ಆಡುವಂತಿಲ್ಲ.

ಅವನು ಉಳಿಸಿಡುವ ಗುಂಡಿ ಒತ್ತದೆ ಕಂಪ್ಯೂಟರನ್ನೇ ಆರಿಸಿದ. ಹಾಗೆ ಮಾಡಿದರೆ ಆ ಪಂದ್ಯ ನಡೆದೇ ಇಲ್ಲವೆಂದಾಗುತ್ತದೆ. ಮತ್ತೆ ಹಚ್ಚಿ ಆಡಿದ. ಆ ಪಂದ್ಯದಲ್ಲಿ ತಪ್ಪಿದ ಪೆಟ್ಟು ಮುಂದಿನದರಲ್ಲಿ ಬಂತು. ಮತ್ತೆ ಆರಿಸಿದ. ಅದು ಬರೀ ಆಟವೆಂದು ಅವನಿಗೆ ಗೊತ್ತಿತ್ತು. ಆದರೆ ಕೈ ಕೇಳುತ್ತಿರಲಿಲ್ಲ.

ಊಟದ ಡಬ್ಬಿ ತಂದ ಹೆಂಡತಿ ಬೆನ್ನ ಹಿಂದೆ ನಿಂತು ನೋಡುತ್ತಿದ್ದಳು.

"ರೀ, ಆಗ್ಲಿಂದ ಆರಿಸೋದು ಹಚ್ಚೋದು. ಕೆಟ್ಟಿದೆಯಾ ಅದು?"

"ಇಲ್ಲ. ಸುಮ್ನೆ."

ಮತ್ತೆ ಹಚ್ಚಿದ್ದ ಪರದೆಯ ಮೇಲೆ ಅದೇ ಸಾಲು ಮತ್ತೆ ಬಿದ್ದಿತ್ತು. ಅವಳು ಬಗ್ಗಿ ಓದಿದಳು. ತನ್ನನ್ನು ಊರೆಲ್ಲ ಕರೆಯುವ ಹೆಸರು, ಭುಜದ ಸುದ್ದಿ. ಆಮೇಲೆ ಸ್ಟೂಲು ಎಳೆದುಕೊಂಡು ಕೂತಳು.

"ನನ್ನ ಯಾಕ್ರೀ ಇಷ್ಟು ಗೋಳು ಹುಯ್ಕೋತೀರಿ? ಹೊರಗೆ ಕೂರಿಸಿ ಅವಳನ್ನ. ಬೇರೆಯವರು ಎಸೀಲಿ."

"ಅವಳಿಲ್ದೆ ತಂಡ ಸೋಲುತ್ತೆ ಕಣೇ."

"ಸೋಲ್ಲಿ ಬಿಡಿ." ಅವಳ ದನಿ ಇಳಿಯಿತು. "ಎಷ್ಟು ದಿನದಿಂದ ಎಡಗೈಲೇ ಸ್ಟೇರಿಂಗ್ ತಿರುಗಿಸ್ತಿದ್ದೆ ಗೊತ್ತಾ? ಗಂಟನ್ನ ನೋಡದೇ ಇದ್ರೆ ಅದು ಇರಲ್ಲ ಅಂತ ನಾನೂ ಅಂದ್ಕೊಂಡೆ. ನನಗೂ ಹೆದರಿಕೆ ಆಗ್ತಿದೆ ಕಣ್ರೀ."

ಅವಳು ಹೆದರಿದ್ದನ್ನು ಅವನು ಕಂಡೇ ಇರಲಿಲ್ಲ. ಗುಂಡಿ ಒತ್ತಿ, ಪೆಟ್ಟಾದದ್ದನ್ನು ಆದಂತೆಯೇ ಉಳಿಸಿದ. ಇಬ್ಬರೂ ಡಬ್ಬಿ ಬಿಚ್ಚಿ ಅಲ್ಲೇ ಉಂಡರು.

ಫೋನ್ ಮರುದಿನ ಬಂತು. ಅವಳೇ ಎತ್ತಿ "ಹೂಂ, ಹೂಂ" ಎನ್ನುತ್ತಿದ್ದರೆ ಅವನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಕೆಟ್ಟ ಗಂಟಲ್ಲ, ಆದರೆ ಬೇರು ಸ್ನಾಯುವಿಗೆ ಇಳಿದಿದೆ, ಕೊಯ್ದು ತೆಗೆಯಬೇಕು ಎಂದಿದ್ದರು.

ತೆಗೆದ ಮೇಲೆ ಅವಳ ತೋಳು ಪೂರ್ತಿ ಮೇಲೇಳಲಿಲ್ಲ. ಬಸ್ಸು ಓಡಿಸುವುದು ತಪ್ಪಿತು, ಡಿಪೋದಲ್ಲಿ ಯಾವ ಡ್ರೈವರಿಗೆ ಯಾವ ಬಸ್ಸೆಂದು ಹಂಚುವ ಕೆಲಸ ಕೊಟ್ಟರು. ಮೊದಮೊದಲು ಮಾರುಕಟ್ಟೆ ಬಸ್ಸು ಹೊರಡುವಾಗ ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ಈಗ ಹೊರಗೆ ಬಂದು, "ತಿರುವಿನಲ್ಲಿ ಎಡಕ್ಕೆ ಒತ್ತಬೇಡಪ್ಪಾ" ಎಂದು ಹೇಳಿ ಕಳಿಸುತ್ತಾಳೆ.

ಕೋಚ್‌ನ ತಂಡ ಆ ವರ್ಷ ಎಲ್ಲರಿಗಿಂತ ಕೆಳಗೆ ಉಳಿಯಿತು. ಅವಳ ಫೋನ್ ಬಂದರೆ ಈಗಲೂ ಅವನು "ಹಲೋ" ಎನ್ನುವ ಮೊದಲು "ಏನಾಯ್ತು?" ಎನ್ನುತ್ತಾನೆ.