ಮೂಡಲಿಗೆ ಮುಖ ಮಾಡಿದ ಎತ್ತುಗಳು

ನಮ್ಮ ಸೀಮೆಯಲ್ಲಿ ಫೋಟೋಗೆ ನಿಲ್ಲುವವರಿಗೆ ಸೂರ್ಯ ಎಲ್ಲಿದ್ದಾನೆ ಅನ್ನುವುದು ಮುಖ್ಯವಲ್ಲ, ಮೂಡಲು ಯಾವ ಕಡೆ ಅನ್ನುವುದು ಮುಖ್ಯ. ಹಸೆಮಣೆಯ ಮೇಲೆ ಕೂತ ಮದುಮಕ್ಕಳಿರಲಿ, ನಾಮಕರಣದ ಮಗುವಿರಲಿ, ಶೋರೂಮಿನಿಂದ ಆಗಷ್ಟೇ ಬಂದ ಟ್ರ್ಯಾಕ್ಟರ್ ಇರಲಿ, ಎಲ್ಲಕ್ಕೂ ಮೂಡಲ ಮುಖವೇ ಆಗಬೇಕು. ಬೆಳಗ್ಗೆಯಾದರೆ ನನಗೇನೂ ತಕರಾರಿಲ್ಲ. ಎಳೆಬಿಸಿಲು ನೇರ ಮುಖಕ್ಕೆ ಬೀಳುತ್ತದೆ, ಯಾರು ಕ್ಯಾಮೆರಾ ಹಿಡಿದರೂ ಫೋಟೋ ಚೆನ್ನಾಗಿಯೇ ಬರುತ್ತದೆ. ಸಂಜೆಯ ಹೊತ್ತಿಗೆ ಇದೇ ಹಟ ಹಿಡಿದರೆ ಸೂರ್ಯ ಅವರ ಬೆನ್ನಿಗಿರುತ್ತಾನೆ. ತಲೆಯ ಸುತ್ತ ಬೆಳಕಿನ ಗೆರೆ, ಮುಖ ಇರಬೇಕಾದ ಜಾಗದಲ್ಲಿ ಇದ್ದಿಲು. ಸ್ವಲ್ಪ ತಿರುಗಿ ನಿಲ್ಲಿ ಅಂದರೆ, ಪಡುವಲಿಗೆ ಮುಖ ಮಾಡಿಸಿ ಶುಭಕಾರ್ಯ ಮಾಡಿಸುತ್ತೀಯೇನಪ್ಪ ಎಂದು ನನ್ನನ್ನೇ ತರಾಟೆಗೆ ತೆಗೆದುಕೊಳ್ಳುತ್ತಾರೆ.

ಹ್ಯಾಂಡ್‌ಪೋಸ್ಟ್ ಅನ್ನುವ ನಮ್ಮ ಪೇಟೆಯಲ್ಲಿ ಸ್ಟುಡಿಯೋ ತೆರೆದ ಹೊಸತರಲ್ಲಿ ನಾನು ಜಗಳಕ್ಕೇ ನಿಲ್ಲುತ್ತಿದ್ದೆ. ನನಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ ಕೋಪ. ಜಗಳವಾಡಿ ಮದುವೆ ಮನೆಯ ಊಟ ರುಚಿಸದೆ ಹೋದ ಮೇಲೆ ಬುದ್ಧಿ ಬಂತು. ಜನರನ್ನು ತಿರುಗಿಸುವ ಗೋಜು ಬಿಟ್ಟು, ಹಗಲು ಹೊತ್ತಿನಲ್ಲೂ ಕ್ಯಾಮೆರಾದ ನೆತ್ತಿಗೆ ಫ್ಲ್ಯಾಶ್ ಸಿಕ್ಕಿಸತೊಡಗಿದೆ. ಹಿಂದಿನ ಆಕಾಶ ಸುಟ್ಟು ಬೆಳ್ಳಗಾಗದಂತೆ ಕ್ಯಾಮೆರಾವನ್ನು ಹೊಂದಿಸಿಕೊಂಡು, ಫ್ಲ್ಯಾಶಿನ ಬಲವನ್ನು ಒಂದು ಹಂತ ತಗ್ಗಿಸಿ ಹೊಡೆದರೆ, ನೆರಳಲ್ಲಿದ್ದ ಮುಖ ಮೆಲ್ಲಗೆ ಕಾಣಿಸಿಕೊಳ್ಳುತ್ತದೆ. ಪೂರ್ತಿ ಬಲ ಕೊಟ್ಟರೆ ಮುಖಕ್ಕೆ ಸುಣ್ಣ ಬಳಿದ ಹಾಗಾಗುತ್ತದೆ. ತೊಂದರೆ ಒಂದೇ. ಬಿಸಿಲಿನೆದುರು ಈ ಬೆಳಕು ದೂರ ಹೋಗುವುದಿಲ್ಲ, ನಾವೇ ಹತ್ತಿರ ಹೋಗಬೇಕು. ನೋಡಿದವರು ನಗುತ್ತಿದ್ದರು. ಸೂರ್ಯನಿಗೇ ಟಾರ್ಚು ಬಿಡ್ತಾನೆ ನೋಡು ಎಂದು ಒಬ್ಬ ಅಂದದ್ದು ಇಡೀ ಚಪ್ಪರಕ್ಕೆ ಕೇಳಿಸಿತ್ತು. ನಗಲಿ ಬಿಡಿ, ಆಲ್ಬಮ್ ನೋಡುವಾಗ ಯಾರೂ ನಗಲಿಲ್ಲ.

ಹೋದ ವರ್ಷ ಬೇಸಿಗೆ ಶುರುವಾಗುವ ಮುಂಚೆ, ಸರಗೂರು ರಸ್ತೆಯ ಹಳ್ಳಿಯೊಂದರಿಂದ ಒಬ್ಬ ಹೆಂಗಸು ಬಸ್ಸಿಳಿದು ನೇರ ನನ್ನ ಅಂಗಡಿಗೆ ಬಂದರು. ಅರವತ್ತು ದಾಟಿರಬೇಕು. ಹಣೆಯಲ್ಲಿ ವಿಭೂತಿ, ಸೊಂಟದಲ್ಲಿ ಎಲೆಅಡಿಕೆ ಚೀಲ, ಕೈಯಲ್ಲಿ ಒಂದು ಫೋನು. ಫೋನಿನಲ್ಲಿ ಅವರ ಮನೆಯ ಜೋಡಿ ಎತ್ತುಗಳ ಫೋಟೋಗಳಿದ್ದವು, ನೆಂಟರು ಯಾರೋ ತೆಗೆದುಕೊಟ್ಟವು. ಕೆಂಪು ಆಕಾಶ, ಎದುರಿಗೆ ಎರಡು ಕಪ್ಪು ಗುಡ್ಡೆ, ಗುಡ್ಡೆಯ ಮೇಲೆ ಕೊಂಬು. ಸಂಜೆಯ ಹೊತ್ತು, ಮೂಡಲ ಮುಖ. ಬಹಳ ಚೆನ್ನಾಗಿದೆಯಲ್ಲವ್ವ, ಕೊಂಬು ಎಷ್ಟು ಸ್ಪಷ್ಟವಾಗಿ ಬಂದಿದೆ ಎಂದು ನಾನು ಕೀಟಲೆ ಮಾಡಿದೆ. ಅವರು ನಗಲಿಲ್ಲ.

“ಅವುಗಳ ಮುಖ ಬೇಕು ಕಣ ಮಗ. ಕೊಂಬ ಮಡಿಕಂಡು ನಾನೇನ್ ಮಾಡ್ಲಿ?” ಅಂದರು.

ಎತ್ತುಗಳನ್ನು ಮಾರಿಯಾಗಿತ್ತು. ಯಜಮಾನರ ಮಂಡಿ ಕೈಕೊಟ್ಟಿತ್ತು, ಉಳುಮೆಗೆ ಟ್ರ್ಯಾಕ್ಟರ್ ಬರುತ್ತಿತ್ತು, ಎತ್ತುಗಳು ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತು ಮೇಯುತ್ತಿದ್ದವು. ಪಿರಿಯಾಪಟ್ಟಣದ ಕಡೆಯ ರೈತರೊಬ್ಬರು ನೋಡಿ ಒಪ್ಪಿ ಹೋಗಿದ್ದರು, ಮಾರನೆಯ ಸಂಜೆ ಟೆಂಪೋ ತರುವವರಿದ್ದರು. ಎಡಗಡೆಯ ಎತ್ತು ಎಳೆಗರುವಾಗಿದ್ದಾಗಲೇ ಅದರ ತಾಯಿ ಸತ್ತಿತ್ತು, ಇವರೇ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದರು. ಮನೆಯಲ್ಲಿ ಎತ್ತುಗಳ ಹಳೆಯ ಫೋಟೋ ಒಂದಿತ್ತಂತೆ, ಆದರೆ ಅದರ ತುಂಬ ಹಗ್ಗ ಹಿಡಿದು ನಿಂತ ಯಜಮಾನರೇ ಇದ್ದರು. ನಮ್ಮಲ್ಲಿ ಎತ್ತಿನ ಫೋಟೋ ಅಂದರೆ ಹಾಗೆಯೇ, ಗಂಡಸು ಹಗ್ಗ ಹಿಡಿದು ಮುಂದೆ ನಿಲ್ಲಬೇಕು. ಬೂಸಾ ಕಲಸಿ, ಹುರುಳಿ ಬೇಯಿಸಿ ಹಾಕುವವರು ಬಾಗಿಲ ಸಂದಿಯಲ್ಲಿ ನಿಂತು ನೋಡಬೇಕು.

ಬೆಳಗ್ಗೆಯೇ ಬರುತ್ತೇನೆ ಅಂದೆ. ಪೂಜೆಯಾಗದೆ ಫೋಟೋ ಬೇಡ, ಪೂಜೆಗೆ ಒಳ್ಳೆಯ ಗಳಿಗೆ ಇರುವುದು ಮಧ್ಯಾಹ್ನದ ಮೇಲೆಯೇ ಅಂದರು. ಮತ್ತೆ ಬೆನ್ನಿಗೇ ಸೂರ್ಯ ಎಂದು ನನಗೆ ಗೊತ್ತಿತ್ತು, ಆದರೂ ವಾದ ಮಾಡಲಿಲ್ಲ.

ಮಾರನೆಯ ದಿನ ನಾನು ಹೋಗುವ ಹೊತ್ತಿಗೆ ಎತ್ತುಗಳ ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ, ಹಣೆಗೆ ಅರಿಸಿನ ಕುಂಕುಮ ಹಚ್ಚಿ ಅಂಗಳದಲ್ಲಿ ನಿಲ್ಲಿಸಿದ್ದರು. ಹೇಳುವುದೇ ಬೇಡ, ಮುಖ ಮೂಡಲಿಗೇ. ಬಿಸಿಲು ಮನೆಯ ಹಿಂದಿನ ತೆಂಗಿನ ಮರಗಳ ಮೇಲಿಂದ ಇಳಿಯುತ್ತಿತ್ತು. ಯಜಮಾನರು ಹೊಸ ಟವಲು ಹೊದ್ದು, ಎರಡೂ ಹಗ್ಗ ಹಿಡಿದು, ಎದೆಯುಬ್ಬಿಸಿ ನಿಂತಿದ್ದರು. ಹೆಂಡತಿ ಎಡಗಡೆಯ ಎತ್ತಿನ ಪಕ್ಕದಲ್ಲಿದ್ದರು. ನಾನು ಫ್ಲ್ಯಾಶ್ ಸಿಕ್ಕಿಸಿದ್ದನ್ನು ಕಂಡಿದ್ದೇ ಯಜಮಾನರ ಮುಖ ಬದಲಾಯಿತು.

ಲೈಟು ಬೇಡವೇ ಬೇಡ ಅಂದರು. ಬಲಗಡೆಯದು ಬೆಚ್ಚುವ ಎತ್ತಂತೆ. ಒಮ್ಮೆ ಟ್ರ್ಯಾಕ್ಟರಿನ ಲೈಟಿಗೆ ಬೆದರಿ ಬೇಲಿ ಮುರಿದುಕೊಂಡು ಓಡಿತ್ತಂತೆ. ಇವತ್ತು ಕಾಲಿಗೇನಾದರೂ ಮಾಡಿಕೊಂಡರೆ ಕೊಳ್ಳುವವರು ಹಿಂದಿರುಗಿ ನೋಡದೆ ಹೋಗುತ್ತಾರೆ, ಪಕ್ಕದಲ್ಲಿ ನಿಂತ ಹೆಂಗಸಿಗೆ ಕೊಂಬು ತಗುಲಿದರೆ ಇನ್ನೂ ಕಷ್ಟ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಫ್ಲ್ಯಾಶಿನ ಬೆಳಕು ಮುಟ್ಟಬೇಕಾದರೆ ನಾನು ಕೊಂಬಿಗೆ ಎಟುಕುವಷ್ಟು ಹತ್ತಿರ ಹೋಗಬೇಕಿತ್ತು, ನನ್ನ ಜೀವದ ಮೇಲೂ ನನಗೆ ಸ್ವಲ್ಪ ಆಸೆಯಿತ್ತು.

ಫ್ಲ್ಯಾಶ್ ಆರಿಸಿ ಒಂದು ತೆಗೆದೆ. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಇಬ್ಬರಿಗೂ ತೋರಿಸಿದೆ. ಇದ್ದಿಲೇ. ಆಕಾಶ ಸುಟ್ಟು ಬೆಳ್ಳಗಾದರೂ ಆಗಲಿ ಎಂದು ಹೆಚ್ಚು ಬೆಳಕು ಬಿಟ್ಟುಕೊಂಡು ಇನ್ನೊಂದು ತೆಗೆದೆ. ಹಿಂದಿನ ಬಿಸಿಲೆಲ್ಲ ನುಗ್ಗಿ ಬಂದು ಎತ್ತುಗಳು ಮಂಜಿನಲ್ಲಿ ಮುಳುಗಿದ ಹಾಗೆ ಬಂತು. ಆಕೆ ಎರಡನ್ನೂ ನೋಡಿದರು. ಹೋಗಿ ಎಡಗಡೆಯ ಎತ್ತಿನ ಕಣ್ಣಿನ ಪಿಸುರನ್ನು ಸೆರಗಿನ ತುದಿಯಿಂದ ಒರೆಸತೊಡಗಿದರು. ಒಂದು ಕಣ್ಣು ಮುಗಿಸಿ ಇನ್ನೊಂದು. ಯಜಮಾನರೂ ಅದನ್ನೇ ನೋಡುತ್ತಿದ್ದರು.

ಸ್ವಲ್ಪ ಹೊತ್ತಿಗೆ ಅವರು ಹೆಂಡತಿಯ ಹತ್ತಿರ ಹೋಗಿ ಎರಡೂ ಹಗ್ಗಗಳನ್ನು ಮುಂದೆ ಚಾಚಿದರು.

“ನೀನೇ ಇಡ್ಕ. ನಿನ್ ಕೈಲಿದ್ರೆ ಬೆಚ್ಚಾಕಿಲ್ಲ,” ಅಂದರು.

ಆಕೆ ಹಗ್ಗವನ್ನೂ ನೋಡಿ, ಗಂಡನ ಮುಖವನ್ನೂ ನೋಡಿದರು. ಊರವರು ನೋಡಿದರೆ ಏನಂದುಕೊಂಡಾರು ಎಂದು ಗೊಣಗುತ್ತಲೇ ಹಗ್ಗ ತೆಗೆದುಕೊಂಡರು. ಯಜಮಾನರು ಕುಂಟುತ್ತ ಬಂದು ನನ್ನ ಎಡಗಡೆ, ಭುಜದ ಪಕ್ಕದಲ್ಲೇ ನಿಂತು, ನಾಲಿಗೆಯಿಂದ ಲೊಚಗುಟ್ಟುತ್ತ ಎತ್ತುಗಳನ್ನು ಮಾತಾಡಿಸತೊಡಗಿದರು. ನಾನು ಮೊದಲು ದೂರದಿಂದಲೇ, ಬೇರೆ ಕಡೆಗೆ ತಿರುಗಿಸಿ ಫ್ಲ್ಯಾಶ್ ಹೊಡೆದೆ. ಕಿವಿ ಅಲ್ಲಾಡಿದವು, ಅಷ್ಟೆ. ಇಬ್ಬರೂ ಇನ್ನಷ್ಟು ಹತ್ತಿರ ಬಂದೆವು, ಮತ್ತೆ ಹೊಡೆದೆ. ಬಲಗಡೆಯದು ತಲೆಯೆತ್ತಿತು. ಆಕೆ ಅದರ ಕೊರಳ ಕೆಳಗೆ ಜೋಲುವ ಗಂಗೆದೊಗಲನ್ನು ನೀವುತ್ತ ಏನೋ ಗುನುಗಿದರು, ಅದು ಉಸಿರು ಬಿಟ್ಟು ಸುಮ್ಮನಾಯಿತು. ಕೊನೆಗೆ ಬೇಕಾದಷ್ಟು ಹತ್ತಿರ ಬಂದು, ಬಲ ತಗ್ಗಿಸಿ, ಉಸಿರು ಹಿಡಿದು ಕ್ಲಿಕ್ ಮಾಡಿದೆ. ಎತ್ತುಗಳು ಕದಲಲಿಲ್ಲ. ಕಣ್ಣು ಮುಚ್ಚಿದವರು ಆಕೆಯೇ. ಯಜಮಾನರು ಬಾಯ್ತುಂಬ ನಕ್ಕರು, ಆಕೆಗೂ ನಗು ಬಂತು. ಆ ನಗು ಇನ್ನೂ ಮುಖದಲ್ಲಿರುವಾಗಲೇ ಇನ್ನೊಂದು ತೆಗೆದೆ.

ನಾನು ಬ್ಯಾಗು ಕಟ್ಟುವಾಗ ಟೆಂಪೋ ಬಂತು. ಬಂದವರು ಒಳ್ಳೆಯ ಜನ, ಆತುರ ಮಾಡಲಿಲ್ಲ, ಕಾಫಿ ಕುಡಿದರು. ಯಜಮಾನರು ಹಗ್ಗಗಳನ್ನು ಹೆಂಡತಿಯಿಂದ ಇಸಿದುಕೊಂಡು ತಾವೇ ಎತ್ತುಗಳನ್ನು ಹಲಗೆ ಹತ್ತಿಸಿ, ಹಗ್ಗವನ್ನು ಕೊಂಡವರ ಕೈಗೆ ಕೊಟ್ಟರು. ಆಮೇಲೆ ಜಗಲಿಯಲ್ಲಿ ಕೂತು ಟವಲಿನಿಂದ ಮುಖ ಒರೆಸಿಕೊಂಡವರು ಬಹಳ ಹೊತ್ತು ಟವಲು ತೆಗೆಯಲಿಲ್ಲ. ನಾನು ಬರುತ್ತೇನೆ ಎಂದು ಹೇಳದೆಯೇ ಬೈಕ್ ಹತ್ತಿದೆ.

ಪ್ರಿಂಟು ಹಾಕುವಾಗ ಫೋಟೋ ನನಗೇ ಮೆಚ್ಚುಗೆಯಾಯಿತು. ಕೊಂಬಿನ ಅಂಚಿನಲ್ಲಿ ಸಂಜೆಯ ಬಿಸಿಲು, ಹಿಂದೆ ತೆಂಗಿನ ಗರಿ, ಮುಂದೆ ಆಕೆಯ ನಗುಮುಖ, ಎತ್ತುಗಳ ಕಣ್ಣಿನಲ್ಲಿ ಒಂದೊಂದು ಬೆಳಕಿನ ಚುಕ್ಕಿ. ಒಂದೇ ಕೊರತೆ ಕಂಡಿತು. ಎರಡೂ ಎತ್ತುಗಳು ಕ್ಯಾಮೆರಾವನ್ನು ನೋಡಿರಲಿಲ್ಲ, ಸ್ವಲ್ಪ ಪಕ್ಕಕ್ಕೆ ನೋಡುತ್ತಿದ್ದವು. ಮೂಕಪ್ರಾಣಿ, ಏನು ಮಾಡಲಾಗುತ್ತದೆ ಎಂದು ಸಮಾಧಾನ ಮಾಡಿಕೊಂಡು ಫ್ರೇಮು ಹಾಕಿಸಿದೆ.

ಒಂದು ವಾರ ಬಿಟ್ಟು ಕೊಡಲು ಹೋದೆ. ಕೊಟ್ಟಿಗೆ ಗುಡಿಸಿ ಸಾರಿಸಿದ್ದರು, ಮೇವು ಹಾಕುವ ಗೋದಲಿ ಖಾಲಿ. ಆಕೆ ಫ್ರೇಮನ್ನು ಸೆರಗಿನಲ್ಲಿ ಒರೆಸಿ, ಎಡಗಡೆಯ ಎತ್ತಿನ ಮುಖದ ಮೇಲೆ ಬೆರಳಿಟ್ಟು, ನನ್ನ ಕಡೆ ನೋಡಿ ತಲೆಯಾಡಿಸಿದರು. ಆಮೇಲೆ ಜಗಲಿಯಲ್ಲಿದ್ದ ಗಂಡನ ಕೈಗೆ ಕೊಟ್ಟರು. ಯಜಮಾನರು ಅದನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ನೋಡುತ್ತ ಕೂತರು. ಎತ್ತುಗಳು ನೆಟ್ಟಗೆ ನೋಡದಿದ್ದುದಕ್ಕೆ ಏನಾದರೂ ಅಂದಾರು ಎಂದು ನಾನು ಉತ್ತರ ಹುಡುಕಿಕೊಳ್ಳುತ್ತಿದ್ದೆ. ಅವರು ಅಂದದ್ದೇ ಬೇರೆ.

“ಚೆಂದಾಗೈತೆ ಕಣಪ್ಪ. ನಾನೂ ನಿಂತ್ಕಬೇಕಾಗಿತ್ತು.”

ಆಕೆ ಗಂಡನ ಪಕ್ಕದಲ್ಲಿ ಕೂತು, ಫ್ರೇಮನ್ನು ಬೆಳಕಿಗೆ ಸ್ವಲ್ಪ ವಾಲಿಸಿದರು.

“ಅವು ನೋಡ್ತಿರಾದು ನಿನ್ನೇ ಕಣ,” ಅಂದರು. “ಕಾಣಾಕಿಲ್ವಾ?”