ಗಾನವಿಯ ಪಕ್ಕದ ಜಾಗ

"ಆಲು ಬೇಕೇನವ್ವಾ?"

ನಂಜನಗೂಡಿಗೆ ಬಂದ ಮರುದಿನ ಬೆಳಿಗ್ಗೆ ಮನೆಯೊಡತಿ ಕೆಂಪಮ್ಮ ಬಾಗಿಲಲ್ಲಿ ನಿಂತು ಕೇಳಿದರು. ಆಲೂಗಡ್ಡಿ ಇರಬೇಕೆಂದು ನಾನು ಚೀಲ ಹಿಡಿದು ಓಡಿದೆ. ಅವರ ಕೈಯಲ್ಲಿ ಹಾಲಿನ ತಂಬಿಗೆ! ಇಬ್ಬರೂ ನಕ್ಕೆವು. ಒಳಗೆ ಬಂದ ಮೇಲೆ ಮಾತ್ರ ನನಗೆ ಅಳು ಬಂತು. ಬಾಗಲಕೋಟೆ ಕಡೆಯಿಂದ ಬಂದವಳು, ಕನ್ನಡದ ಊರಿನಲ್ಲೇ ಕನ್ನಡಕ್ಕೆ ತಡವರಿಸುತ್ತಿದ್ದೆ.

ಗಂಡನಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ. ನನಗೆ ಶಾಲೆಯೊಂದರಲ್ಲಿ ತರಗತಿ ಸಹಾಯಕಿಯ ಕೆಲಸ ಸಿಕ್ಕಿತು. ಹತ್ತಿರದ ಕಳಲೆ ಹಳ್ಳಿಯಿಂದ ಬರುವ ಮೂರನೇ ತರಗತಿಯ ಗಾನವಿಯನ್ನು ನೋಡಿಕೊಳ್ಳಬೇಕಿತ್ತು. ಅವಳು ವಾಕರ್ ಹಿಡಿದು ನಡೆಯುವ ಹುಡುಗಿ. ಅವಳ ಬ್ಯಾಗು ಹೊತ್ತೆ, ಡಬ್ಬಿ ತೆರೆದೆ, ದಿನವಿಡೀ ಅಂಟಿಕೊಂಡೇ ಕುಳಿತೆ. ಅವಳ ಮುದ್ದೆ, ನನ್ನ ಜೋಳದ ರೊಟ್ಟಿ, ಹಂಚಿಕೊಂಡು ಉಣ್ಣುತ್ತಿದ್ದೆವು. ನಿಜ ಹೇಳಬೇಕೆಂದರೆ, ಈ ಊರಿನಲ್ಲಿ ನನಗಿದ್ದ ಗೆಳತಿ ಅವಳೊಬ್ಬಳೇ.

ಒಂದು ಮಧ್ಯಾಹ್ನ ತೇಜು ಎಂಬ ಸಹಪಾಠಿ ಬಂದು, "ಗಾನವಿ, ಚೌಕಾಬಾರ ಆಡಕ್ ಬತ್ತೀಯಾ?" ಎಂದಳು. ನಮ್ಮ ಕಡೆಯ ಚಕ್ಕಾ ಆಟಕ್ಕೆ ಇಲ್ಲಿ ಆ ಹೆಸರು.

"ಅಕಿಗೆ ಕೆಳಗ ಕುಂಡ್ರಾಕ ಆಗೂದಿಲ್ಲವ್ವಾ, ನೀವು ಆಡ್ರಿ," ಎಂದೆ ನಾನೇ. ತೇಜು ಹೊರಟುಹೋದಳು.

ಗಾನವಿ ಡಬ್ಬಿ ಮುಚ್ಚಿದಳು. "ಅವ್ಳು ನನ್ನ ಕೇಳಿದ್ದು ಕಣಕ್ಕ, ನಿಮ್ಮನ್ನಲ್ಲ."

ಸಂಜೆ ಬ್ಯಾಗನ್ನೂ ಅವಳು ನನ್ನ ಕೈಗೆ ಕೊಡಲಿಲ್ಲ. ತರಗತಿಯ ಟೀಚರ್ ಪುಷ್ಪಾ ಮೇಡಂಗೆ ಎಲ್ಲವನ್ನೂ ಹೇಳಿಕೊಂಡೆ. "ನೀವು ಯಾವಾಗ್ಲೂ ಪಕ್ಕದಲ್ಲೇ ಕೂತಿದ್ರೆ ಬೇರೆ ಮಕ್ಕಳಿಗೆ ಜಾಗ ಎಲ್ಲಿದೆ ಹೇಳಿ?" ಎಂದರು, ಮೆಲ್ಲಗೆ.

ಮರುದಿನ ವರಾಂಡದ ಕಲ್ಲುಬೆಂಚಿನ ಮೇಲೆ ಸೀಮೆಸುಣ್ಣದಿಂದ ಆಟದ ಮನೆಗಳನ್ನು ಬರೆದು, ಸೀಳಿದ ಹುಣಸೆಬೀಜ ಇಟ್ಟೆ. ಬೆಂಚಿನ ತುದಿಯಲ್ಲಿ ಗಾನವಿ ಕುಳಿತಳು. ತೇಜುವನ್ನು ಕರೆಯಲು ಬಾಯಿ ತೆರೆದ ನಾನು ತಡೆದುಕೊಂಡು, ನೀರಿನ ತೊಟ್ಟಿಯ ಬಳಿ ಹೋಗಿ ನಿಂತೆ. ಗಾನವಿಯೇ ಕೂಗಿದಳು: "ತೇಜು, ಬಾರೇ!"

ಗಾನವಿಯ ಕೈಯಿಂದ ಬೀಜಗಳು ಉದುರಿದಾಗ ನನ್ನ ಕಾಲು ತಾನಾಗಿ ಮುಂದೆ ಹೋಯಿತು. ಹಿಂದೆಗೆದುಕೊಂಡೆ. ತೇಜುವೇ ಆರಿಸಿಕೊಟ್ಟಳು. ಸ್ವಲ್ಪ ಹೊತ್ತಿಗೆ ಜಗಳವೂ ಶುರುವಾಯಿತು.

"ಮೋಸ ಮಾಡ್ಬೇಡ ಕಣೇ, ಮೂರೇ ಬಿದ್ದಿರದು!" ಎಂದಳು ತೇಜು.

"ನಾಕು ಕಣೇ! ಕಣ್ ಕಾಣ್ಸಲ್ವಾ?"

ಅದುವರೆಗೆ ಗಾನವಿಯ ಜೊತೆ ಯಾರೂ ಜಗಳವಾಡಿರಲಿಲ್ಲ. ಎಲ್ಲರೂ ಅವಳಿಗೆ "ಪಾಪ" ಎನ್ನುತ್ತಿದ್ದರು. ಅವಳ ಕೆಂಪೇರಿದ ಮುಖ ನೋಡಿ ನನಗೆ ಹಿಗ್ಗೋ ಹಿಗ್ಗು. ಮರುವಾರದಿಂದ ಅವಳು ಊಟಕ್ಕೂ ತೇಜುವಿನ ಗುಂಪಿನೊಳಗೇ ಕುಳಿತಳು. ನಾನು ಒಬ್ಬಳೇ ರೊಟ್ಟಿ ಮುರಿದೆ. ಕೆಲವು ದಿನ ಕಳೆದ ಮೇಲೆ ಧೈರ್ಯಮಾಡಿ ಪುಷ್ಪಾ ಮೇಡಂ ಇದ್ದ ಕೋಣೆಗೆ ಡಬ್ಬಿ ಹಿಡಿದು ಹೋಗಿ, "ಇಲ್ಲಿ ಕುಂಡ್ರಲೇನ್ರಿ?" ಎಂದು ಕೇಳಿದೆ. ಅವರು ಕುರ್ಚಿ ಎಳೆದುಕೊಟ್ಟರು.

ಈ ಸಲದ ರಜೆಗೆ ತವರಿಗೆ ಬಂದಿದ್ದೆ. ರೊಟ್ಟಿ ಬಡಿಯುತ್ತಾ ಅವ್ವ, "ಎಷ್ಟ ದಿನ ಇರ್ತಿ?" ಎಂದಳು.

"ಸೋಮವಾರ ಊರಿಗೆ ಹೋಗಬೇಕವ್ವಾ."

ಅವಳ ಕೈ ನಿಂತಿತು. "ಊರಿಗೆ? ಹಂಗಾರ ಇದು ಯಾವೂರು?"